ಭಾನುವಾರದ ಚರ್ಚೆಗೆ ಮುಂಚೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ವಿಷಯ ಪತ್ರಿಕಾ ಸ್ವಾತಂತ್ರ್ಯ. ಬರುವ ಮುಂಚೆ 1991ರ ವಿಂಡ್‌ಹೋಕ್ ಘೋಷಣೆ ಓದಿಕೊಳ್ಳಿ, ಪುಟ್ಟದೇ. ಆಫ್ರಿಕಾದ ಪತ್ರಕರ್ತರು ನಮೀಬಿಯಾದಲ್ಲಿ ಸೇರಿ ಬರೆದದ್ದು. ಮೇ 3 ಪತ್ರಿಕಾ ಸ್ವಾತಂತ್ರ್ಯ ದಿನವಾಗಿದ್ದು ಅದರಿಂದಲೇ.

ಪತ್ರಿಕೆ ಸರ್ಕಾರದಿಂದ ಸ್ವತಂತ್ರವಾಗಿದ್ದರೆ ಸಾಲದು, ಅಚ್ಚಿಗೆ ಬೇಕಾದ ಸಾಮಗ್ರಿಯೂ ಯಾರ ಹಿಡಿತದಲ್ಲೂ ಇರಬಾರದು ಅನ್ನುತ್ತದೆ ಅದು. ನನಗೆ ಹಿಡಿಸಿದ್ದು ಈ ಮಾತೇ. ಸೆನ್ಸಾರ್ ಅಧಿಕಾರಿ ಯಾಕೆ ಬೇಕು? ನ್ಯೂಸ್‌ಪ್ರಿಂಟ್ ಕೋಟಾ, ಅಂದರೆ ಸರ್ಕಾರ ಹಂಚುವ ಅಚ್ಚುಕಾಗದದ ಪಾಲು, ಇಳಿಸಿದರೆ ಪತ್ರಿಕೆ ತಾನೇ ತೆಳ್ಳಗಾಗುತ್ತದೆ. ಬಡ ದೇಶದ ಸಣ್ಣ ಪತ್ರಿಕೆಗೆ ಸರ್ಕಾರಿ ಜಾಹೀರಾತು ನಿಂತರೆ ಮುಂದಿನ ತಿಂಗಳ ಸಂಬಳಕ್ಕೇ ತೊಂದರೆ. ಸುಮ್ನೆ ಕೇಸು, ಜೈಲು ಅಂತಷ್ಟೇ ಮಾತಾಡಿದರೆ ಇದು ಕಣ್ತಪ್ಪಿ ಹೋಗುತ್ತದೆ, ಅಲ್ವಾ?

ಈಗ ಕಾಗದದ ಜಾಗಕ್ಕೆ ಇಂಟರ್‌ನೆಟ್ ಬಂದಿದೆ. ಅದರ ಸ್ವಿಚ್ ಯಾರ ಕೈಲಿದೆ, ಯೋಚಿಸಿಕೊಂಡು ಬನ್ನಿ. ಪಿಡಿಎಫ್ ಸಂಜೆ ಹಾಕುತ್ತೇನೆ.