ಅಪ್ಪನನ್ನು ಕಳುಹಿಸಿಕೊಡಲು ಬಂದವರಿಗೆ

ನಿನ್ನೆ ಅಪ್ಪನ ಮಾದ, ಅಂದರೆ ತಿಥಿ, ಮುಗಿಯಿತು. ಸಾವಿನ ಸುದ್ದಿ ಸಾರುವ ಎರಡು ಗುಂಡಿನ ಸದ್ದು ಕೇಳಿದ್ದೇ ತಡ, ಗದ್ದೆಯ ಏರಿಯ ಮೇಲೆ ಟಾರ್ಚ್ ಹಿಡಿದು ನೀವು ಬರುತ್ತಿದ್ದಿರಿ. ಅಂದಿನಿಂದ ನಮ್ಮ ಒಲೆ, ಕೊಟ್ಟಿಗೆ, ಬಂದವರ ಊಟ ಎಲ್ಲವೂ ಊರಿನ ಕೈಯಲ್ಲೇ ಇತ್ತು. ಮನೆಮನೆಗೆ ಬಂದು ಹೇಳಬೇಕಾದ ಮಾತಿದು. ಆದರೆ ಆ ರಾತ್ರಿ ಯಾರು ಯಾರು ಬಂದಿದ್ದಿರಿ ಎಂಬುದೇ ನನಗೆ ಪೂರ್ತಿ ನೆನಪಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ 1967ರಲ್ಲಿ, ಹದಿನೆಂಟು ತುಂಬಿದ ವರ್ಷ, ಸೇನೆಯ ಎಂಜಿನಿಯರಿಂಗ್ ಪಡೆಯಾದ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದರು. ಅಲ್ಲಿನ ಸೈನಿಕರನ್ನು ‘ತಂಬಿ’ಗಳು ಎನ್ನುತ್ತಾರೆ. ಎಪ್ಪತ್ತು ದಾಟಿದ ಮೇಲೂ ಯಾರಾದರೂ ತಂಬಿ ಎಂದು ಕರೆದರೆ ಅಪ್ಪನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. 1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ, ಬಸಂತರ್ ನದಿಯ ಬಳಿ ಟ್ಯಾಂಕುಗಳಿಗೆ ದಾರಿ ಮಾಡಿಕೊಡಲು ನೆಲಬಾಂಬು ತೆಗೆದವರಲ್ಲಿ ಅವರೂ ಒಬ್ಬರು. ನಿವೃತ್ತರಾಗಿ ಬಂದ ಮೇಲೆ ಊರ ಶಾಲೆಯ ಮೈದಾನಕ್ಕೆ ದಿನಾ ಬೆಳಗ್ಗೆ ಒಂದು ಹಳೆಯ ಡಬ್ಬ ಹಿಡಿದು ಹೋಗುತ್ತಿದ್ದರು. ಗಾಜಿನ ಚೂರು, ಮೊಳೆ, ಚೂಪುಗಲ್ಲು ಹುಡುಕಿ ಹೆಕ್ಕಿದ ಮೇಲೆಯೇ ಹಾಕಿ ಕಲಿಯುವ ಮಕ್ಕಳನ್ನು ಒಳಗೆ ಬಿಡುತ್ತಿದ್ದುದು. ಅರ್ಧದಷ್ಟು ಮಕ್ಕಳಿಗೆ ಬೂಟು ಇರಲಿಲ್ಲ. ನೆಲವನ್ನು ಹಾಗೆ ನೋಡುವ ಕಣ್ಣು ಅವರಿಗೆ ಎಲ್ಲಿಂದ ಬಂದಿತ್ತು ಎಂಬುದು ಈಗ ನನಗೆ ಅರ್ಥವಾಗುತ್ತದೆ.

ಅಪ್ಪ ಹಾಕಿಯಲ್ಲಿ ರೆಜಿಮೆಂಟಿಗೆ ಲೆಫ್ಟ್ ಹಾಫ್ ಆಗಿ ಆಡಿದವರು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕೊಡಗಿನ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಟೂರ್ನಿ ಆರಂಭಿಸಿದಾಗ ಅವರಿಗೆ ನಲವತ್ತೆಂಟು. ಮೊದಲ ಸಲ ಸೇರಿದ್ದು ಅರವತ್ತು ಕುಟುಂಬಗಳು. ಕೆಲವು ವರ್ಷಗಳ ನಂತರ ನಾನೂ ನಮ್ಮ ಒಕ್ಕದ, ಅಂದರೆ ಮನೆತನದ, ತಂಡ ಸೇರಿದೆ. ಹಿಂದೆ ಅಪ್ಪ, ಮುಂದೆ ನಾನು. “ಚೆಂಡಿನ ಹಿಂದೆ ಓಡಬೇಡ, ಜಾಗ ಹಿಡಿ” ಎಂದು ಕೂಗುತ್ತಿದ್ದರು. ಮೊದಲ ಸುತ್ತಿನಲ್ಲೇ ಸೋತೆವು. ಆ ಸಂಜೆಯಷ್ಟು ಸಂತೋಷವಾಗಿ ಅವರನ್ನು ನಾನು ಮತ್ತೆ ಕಂಡಿಲ್ಲ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅರವತ್ತೊಂಬತ್ತರ ಅಪ್ಪ ಹಗ್ಗ, ಕೊಡಲಿ ತೆಗೆದುಕೊಂಡು ಹೊರಟೇಬಿಟ್ಟರು. ಅಮ್ಮ ಅತ್ತು ತಡೆದರೂ ನಿಲ್ಲಲಿಲ್ಲ. ತೊರೆಗೆ ಅಡಿಕೆ ಮರ ಕಡಿದು ಹಾಕಿ ಕಾಲುಸಂಕ ಕಟ್ಟಿದ್ದನ್ನು ಅಂದು ಅದರ ಮೇಲೆ ದಾಟಿ ಬಂದ ಅಜ್ಜಿಯೊಬ್ಬರು ಮೊನ್ನೆ ನನ್ನ ಕೈ ಹಿಡಿದು ಹೇಳಿದರು. ಅಪ್ಪ ಮನೆಯಲ್ಲಿ ಹೇಳಿರಲೇ ಇಲ್ಲ. ಅಜ್ಜಿ, ಅದನ್ನು ನಮಗೆ ತಂದುಕೊಟ್ಟಿರಿ. ನಿಮಗೆ ದೊಡ್ಡ ನಮಸ್ಕಾರ.

ಮೈಸೂರಿನ ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಟ್ಟ ಏಳು ಹುಡುಗರಲ್ಲಿ ನಾಲ್ವರು ಅಪ್ಪನ ಬಳಿ ಆಟ ಕಲಿತವರು. ಉಳಿದ ಮೂವರು ಅವರನ್ನು ನೋಡಿಯೇ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಜೀಪು ತೆಗೆದವರೇ, ಅಪ್ಪನಿಗೆ ಕೊನೆಯದಾಗಿ ತೊಡಿಸುವ ಬಿಳಿ ಕುಪ್ಯದ ನಿಲುವಂಗಿ ಹೊಂದಿಸಿ ತಂದವರೇ, ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ಬಂದು ನೂರಾರು ಜನರಿಗೆ ಕಾಫಿ ಕಾಯಿಸಿದ ಅಕ್ಕಂದಿರೇ, ಪದಕಗಳನ್ನು ಉಜ್ಜಿ ಹೊಳೆಯಿಸಿ ತಂದಿಟ್ಟ ಮಾಜಿ ಸೈನಿಕರೇ, ನಿಮ್ಮೆಲ್ಲರ ಋಣ ನಮ್ಮ ಮನೆಯ ಮೇಲಿದೆ. ಅಪ್ಪ ಹೋದ ಮರುದಿನವೂ ಮೈದಾನದಲ್ಲಿ ಡಬ್ಬ ಹಿಡಿದು ಚೂರು ಹೆಕ್ಕುತ್ತಿದ್ದ ಇಬ್ಬರು ಮಕ್ಕಳೇ, ನಿಮ್ಮನ್ನು ನಾನು ದೂರದಿಂದ ನೋಡಿದೆ. ಹತ್ತಿರ ಬರಲು ಆಗಲಿಲ್ಲ.

ಇನ್ನೊಂದು ವಿಷಯ. ಪ್ರತಿ ನವೆಂಬರ್‌ನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕಾಗಿ ತೀರಿಹೋದ ಸೈನಿಕರ ಪತ್ನಿಯರು ಅಪ್ಪನ ಬಳಿ ಬರುತ್ತಿದ್ದರು. ತೋಟದ ಕೆಲಸದಿಂದ ಬೆರಳ ಗೆರೆ ಸವೆದು ಯಂತ್ರ ಒಪ್ಪದಿದ್ದರೆ, ಒಪ್ಪುವವರೆಗೂ ಜೊತೆಗೇ ಕುಳಿತಿರುತ್ತಿದ್ದರು. ನಿಮ್ಮ ಕಾಗದಗಳು ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಹೆಸರಿನ ಪ್ರಕಾರ ಭದ್ರವಾಗಿವೆ. ಈ ನವೆಂಬರ್‌ನಲ್ಲೂ ಬನ್ನಿ. ಅಮ್ಮ ಕಾಫಿ ಇಡುತ್ತಾರೆ, ಅರ್ಜಿ ನಾನು ತುಂಬಿಕೊಡುತ್ತೇನೆ.