ಭಾನುವಾರ ಸಿಂಹಗಡದಲ್ಲಿ ಪ್ಯಾಕೆಟ್ ರೇಡಿಯೊ

ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರದ ಬೆಟ್ಟದ ಕೋಟೆ ಸಿಂಹಗಡಕ್ಕೆ ಹೋಗಿ ಹ್ಯಾಮ್ (ಹವ್ಯಾಸಿ) ರೇಡಿಯೊದಲ್ಲಿ ಪ್ಯಾಕೆಟ್, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬರಹದ ಸಂದೇಶ, ಕಳಿಸಿ ನೋಡೋಣ. ಭಾನುವಾರ ಬೆಳಿಗ್ಗೆ 6ಕ್ಕೆ ಪುಣೆಯ ಸ್ವಾರಗೇಟ್ ಬಸ್ ಸ್ಟ್ಯಾಂಡ್ ಹತ್ತಿರ ಸೇರೋಣ.

ಅಷ್ಟು ಮೇಲೆ ಯಾಕೆ ಅಂತ ಕೆಲವರು ಕೇಳಿದ್ದೀರಿ. ನಾವು ಬಳಸುವ 144–146 ಮೆಗಾಹರ್ಟ್ಸ್ ರೇಡಿಯೊ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಊರೊಳಗೆ ಕಟ್ಟಡಗಳು ಅಡ್ಡ ಬರುತ್ತವೆ, ಕೋಟೆಯ ಮೇಲೆ ಆ ಕಾಟ ಇಲ್ಲ.

ಪ್ಯಾಕೆಟ್‌ನಲ್ಲಿ ಅಕ್ಷರಗಳು 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ ಹೊರಡುತ್ತವೆ. ಸೆಕೆಂಡಿಗೆ 1200 ಬಿಟ್ ಅಷ್ಟೇ. ಸ್ಪೀಕರಿನಲ್ಲಿ ‘ಚರ್ರ್’ ಅಂತ ಕೇಳುತ್ತದೆ, ಮರುಕ್ಷಣ ಪರದೆಯ ಮೇಲೆ ಕಳಿಸಿದವರ ಕಾಲ್‌ಸೈನ್ (ಪ್ರತಿ ರೇಡಿಯೊ ಲೈಸೆನ್ಸಿಗೂ ಇರುವ ಗುರುತಿನ ಹೆಸರು), ಅದರ ಹಿಂದೆಯೇ ಸಂದೇಶ. ನನಗಂತೂ ಇದನ್ನು ಎಷ್ಟು ನೋಡಿದರೂ ಸಾಲದು.

ಕಂಪ್ಯೂಟರ್‌ಗಳ ನಡುವೆ ಹೀಗೆ ಸಂದೇಶ ಕಳಿಸುವುದು ಮೊದಲು ಫೋನಿನಲ್ಲೂ ನಡೆದಿತ್ತು. 1978ರಲ್ಲಿ ಚಿಕಾಗೋದ ವಾರ್ಡ್ ಕ್ರಿಸ್ಟೆನ್ಸೆನ್ ಮತ್ತು ರ‍್ಯಾಂಡಿ ಸ್ಯೂಸ್ ಫೋನ್ ಲೈನಿಗೆ ಕಂಪ್ಯೂಟರ್ ಜೋಡಿಸಿ ಸಂದೇಶ ಫಲಕ ಶುರು ಮಾಡಿದರು; ಫೋನ್ ಮೂಲಕ ಸಂಪರ್ಕಿಸಿ ಅದರಲ್ಲಿ ಸಂದೇಶ ಓದಬಹುದಿತ್ತು, ಬರೆಯಬಹುದಿತ್ತು. 1984ರಲ್ಲಿ ಇಂಥ ಫಲಕಗಳನ್ನು ಜೋಡಿಸುವ ಫಿಡೋನೆಟ್ ಎಂಬ ಜಾಲ ಬಂತು. ರಾತ್ರಿ ಕರೆ ದರ ಕಡಿಮೆಯಾದಾಗ ಕಂಪ್ಯೂಟರ್‌ಗಳೇ ಒಂದಕ್ಕೊಂದು ಫೋನ್ ಮಾಡಿ ಪತ್ರ ದಾಟಿಸುತ್ತಿದ್ದವು. ರೇಡಿಯೊದಲ್ಲಿ ಫೋನ್ ಬಿಲ್ಲೇ ಇಲ್ಲ, ಅಲ್ವಾ? ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು, ಕರೆತನ್ನಿ.

ಒಂದು ಮಾತು ಖಂಡಿತ: ಲೈಸೆನ್ಸ್ ಇಲ್ಲದವರು ಸುಮ್ನೆ ಕೂಡ ಟ್ರಾನ್ಸ್‌ಮಿಟ್ ಬಟನ್ ಒತ್ತಬಾರದು. ಹಳೆಯ ಲ್ಯಾಪ್‌ಟಾಪ್, ಆಡಿಯೊ ಕೇಬಲ್ ಇದ್ದರೆ ತನ್ನಿ. ನೀರು ಜಾಸ್ತಿ ಇಟ್ಟುಕೊಳ್ಳಿ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.