ವಿನೂ, ಮೊದಲು ಸ್ಕೇಲ್ ತಗೋ

ಪುಣೆ
ಭಾನುವಾರ

ಪ್ರೀತಿಯ ವಿನೂಗೆ ಅಕ್ಕನ ಆಶೀರ್ವಾದ.

ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ ಓದೋಕೆ ಯಾವ ಇ-ರೀಡರ್ ತರಲಿ ಅಂತ ಕೇಳಿದ್ದೀಯ. ಕಂಪನಿ ಹೆಸರು ಆಮೇಲೆ ನೋಡೋಣ. ಜಪಾನಿನ ಸಾಮಾನ್ಯ ಸಂಪುಟದ ಪುಟ ಸುಮಾರು 11.2 ಸೆಂ.ಮೀ. ಅಗಲ, 17.6 ಸೆಂ.ಮೀ. ಎತ್ತರ. ನೀನು ಕೊಳ್ಳೋ ಇಂಗ್ಲಿಷ್ ಅನುವಾದದ ಪುಸ್ತಕ ಇನ್ನೂ ಚೂರು ದೊಡ್ಡದು, ಅಳೆದು ನೋಡು. ಪರದೆಯ ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಳತೆ, ಹಾಗಾಗಿ 6 ಇಂಚಿನ ಪರದೆಯ ಎತ್ತರ 12.2 ಸೆಂ.ಮೀ. ಮಾತ್ರ. ಅದರಲ್ಲಿ ಜಪಾನಿ ಪುಟವೇ ನೂರಕ್ಕೆ 70ರಷ್ಟಾಗುತ್ತೆ, ಮಾತಿನ ಗುಳ್ಳೆಯ ಅಕ್ಷರ ಇರುವೆ ಸಾಲು! 7 ಇಂಚಿನದರಲ್ಲಿ 80, 7.8ರಲ್ಲಿ 90. ಸುತ್ತಲಿನ ಬಿಳಿ ಅಂಚು ಕತ್ತರಿಸಿದರೆ 7 ಇಂಚು ಸಾಕು. ಎರಡು ಪುಟಕ್ಕೆ ಹರಡಿದ ಚಿತ್ರ ಒಟ್ಟಿಗೇ ಕಾಣಬೇಕು ಅಂದರೆ 10.3 ಇಂಚು ಅಡ್ಡ ಹಿಡಿ. ಆದರೆ ಆ ಅಳತೆಯ ಹಳೆಯ ಮಾಡೆಲ್‌ಗಳಲ್ಲಿ ಇಂಚಿಗೆ 227 ಚುಕ್ಕಿ ಮಾತ್ರ. 300 ಇರೋದನ್ನೇ ತಗೋ.

ಬಣ್ಣದ ಇ-ಇಂಕ್ (ಕಾಗದದಂತೆ ಕಾಣೋ ಪರದೆ) ಬೇಡ. ಕೆಲೈಡೋ 3 ಅನ್ನೋ ಅಂಥ ಪರದೆಯಲ್ಲಿ ಕಪ್ಪು-ಬಿಳುಪು 300 ಇದ್ದರೂ ಬಣ್ಣ 150ಕ್ಕೆ ಇಳಿಯುತ್ತೆ. ಮೇಲಿನ ಬಣ್ಣದ ಪದರದಿಂದ ಬಿಳಿ ಕಾಗದ ಬೂದಿಯಾಗಿ ಕಾಣುತ್ತೆ, ಹಗಲಲ್ಲೂ ಪರದೆಯ ದೀಪ ಹಚ್ಚಬೇಕು. ಮಾಂಗಾ ಹೇಗೂ ಬಹುಪಾಲು ಕಪ್ಪು-ಬಿಳುಪು. ಅಮೆರಿಕನ್ ಕಾಮಿಕ್ಸ್‌ಗೆ ಅಪ್ಪನ ಟ್ಯಾಬ್ಲೆಟ್ಟೇ ವಾಸಿ.

ಇನ್ನು ಫೈಲು, ಎಡವೋದು ಇಲ್ಲೇ. ಸಿಬಿಜ಼ೆಡ್ ಅಂದರೆ ಚಿತ್ರಗಳನ್ನು ಜ಼ಿಪ್ ಮಾಡಿದ್ದು, ಅಷ್ಟೇ. ಕೋಬೋ ಕಂಪನಿಯ ಇ-ರೀಡರ್ ಅದನ್ನು ನೇರ ತೆಗೆಯುತ್ತೆ, ಅಮೆಜ಼ಾನ್‌ನ ಕಿಂಡಲ್ ತೆಗೆಯಲ್ಲ. ಅದಕ್ಕೆ ಫೈಲು ಬದಲಿಸಿಕೊಡೋ ಕಿಂಡಲ್ ಕಾಮಿಕ್ ಕನ್ವರ್ಟರ್ ಅನ್ನೋ ಉಚಿತ ತಂತ್ರಾಂಶದಲ್ಲಿ ಮೊದಲು ನಿನ್ನ ಸಾಧನದ ಸರಿಯಾದ ಮಾಡೆಲ್ ಆರಿಸು. ತಪ್ಪಿದರೆ ಚಿತ್ರ ಎರಡು ಸಲ ಕುಗ್ಗುತ್ತೆ. ನೆರಳಿಗೆ ಹಾಕಿದ ಸಣ್ಣ ಚುಕ್ಕಿಗಳು ಪರದೆಯ ಚುಕ್ಕಿಗಳ ಜೊತೆ ಹೊಂದದೆ ರೇಷ್ಮೆ ಸೀರೆಯ ಅಲೆಯಂಥ ಪಟ್ಟೆ ಮೂಡುತ್ತೆ. ಆಮೇಲೆ ಮಾಂಗಾ ಮೋಡ್‌ಗೆ ಟಿಕ್ ಹಾಕು. ಮಾಂಗಾ ಓದೋದು ಬಲದಿಂದ ಎಡಕ್ಕೆ, ಟಿಕ್ ಇಲ್ಲದಿದ್ದರೆ ಪುಟ ಎಡದಿಂದ ಬಲಕ್ಕೆ ತಿರುಗಿ ಕಥೆ ಉಲ್ಟಾ ಆಗುತ್ತೆ. ಜೋಡಿ ಪುಟಗಳನ್ನು ಸೀಳೋದೋ ತಿರುಗಿಸೋದೋ ಅಂತ ಕೇಳಿದರೆ ತಿರುಗಿಸು. ಸೀಳಿದ ಚಿತ್ರದಲ್ಲಿ ಕತ್ತಿ ಒಂದು ಕಡೆ, ಕೈ ಇನ್ನೊಂದು ಕಡೆ ಉಳಿಯುತ್ತೆ. ಪುಟಗಳ ಹೆಸರು 1, 2, 10 ಅಂತಿದ್ದರೆ ಕೆಲವು ಕಡೆ 1 ಆದಮೇಲೆ 10 ಬರುತ್ತೆ. 001, 002 ಅಂತ ಬದಲಿಸಿಕೋ.

ಸಂಪುಟಕ್ಕೆ 100 ಎಂಬಿ ಅಂತ ಹಿಡಿದರೂ 16 ಜಿಬಿಯಲ್ಲಿ ನೂರು ಸಂಪುಟಕ್ಕೆ ಮೋಸ ಇಲ್ಲ. 8 ಜಿಬಿಯ ಹಳೇದು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡ. ಹಿಂದಿನ ಪುಟದ ಮಸಿ ನೆರಳು ಉಳಿದರೆ ಸಾಧನ ಕೆಟ್ಟಿದೆ ಅನ್ಕೋಬೇಡ, ಪ್ರತಿ ಪುಟಕ್ಕೂ ರಿಫ್ರೆಶ್ ಆಗೋ ಸೆಟ್ಟಿಂಗ್ ಹಾಕು. ಬ್ಯಾಟರಿ ಚೂರು ಬೇಗ ಇಳಿಯುತ್ತೆ, ಇಳೀಲಿ.

ಅಳತೆ ಬರೆದು ಕಳಿಸು, ಜೊತೆಗೆ ಓದೋದು ಹೆಚ್ಚು ಮನೇಲೋ ಬಸ್ಸಲ್ಲೋ ಅನ್ನೋದನ್ನೂ. 10.3 ಇಂಚಿನದನ್ನು ಬಸ್ಸಲ್ಲಿ ಒಂದೇ ಕೈಯಲ್ಲಿ ಹಿಡಿಯೋದು ಕಷ್ಟ. ಅವ್ವ-ಅಪ್ಪಗೆ ನಮಸ್ಕಾರ ಹೇಳು.

ನಿನ್ನ ಅಕ್ಕ